ಇಂಚಿನ ಮೋಹ, ಕಿವಿಯ ಪಾಡು

ಹಿರಿಯೂರಿನ ನನ್ನ ರಿಪೇರಿ ಅಂಗಡಿಗೆ ಈಗ ಕೆಟ್ಟ ಟಿವಿ ಹೊತ್ತು ತರುವವರಿಗಿಂತ ‘ಯಾವ ಟಿವಿ ತಗೊಳ್ಳೋಣ ಹೇಳಿ’ ಅಂತ ಬರಿಗೈಯಲ್ಲಿ ಬರುವವರೇ ಹೆಚ್ಚು. ಹೊಸದುರ್ಗದವರಾಗಲಿ, ಹೊಳಲ್ಕೆರೆಯವರಾಗಲಿ, ಮೊದಲು ಮಾತಾಡುವುದು ಇಂಚಿನ ಬಗ್ಗೆ. ನಾನು ಕೇಳುವುದೇ ಬೇರೆ: ಹಾಲ್ ಎಷ್ಟು ಉದ್ದ? ಏನೇನು ನೋಡ್ತೀರಿ? ಮನೆಯಲ್ಲಿ ವಯಸ್ಸಾದವರು ಇದ್ದಾರಾ?

ಇಂಚಿನ ಲೆಕ್ಕ ಸುಲಭ. ಫೋರ್‌ಕೆ ಚಿತ್ರವಾದರೆ ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆಯ ಒಂದೂವರೆ ಪಟ್ಟು ದೂರದಲ್ಲಿ ಕೂತರೆ ಚೆನ್ನ. 43 ಇಂಚಿಗೆ ಐದೂವರೆ ಅಡಿ, 55ಕ್ಕೆ ಏಳು ಅಡಿ. ಆದರೆ ದಿನವೆಲ್ಲ ಓಡುವುದು ಹಳೆ ಪೆಟ್ಟಿಗೆಯ ಕೇಬಲ್ ಧಾರಾವಾಹಿಯಾದರೆ ದೊಡ್ಡ ಪರದೆ ಅದರ ಮಸುಕನ್ನೇ ಹಿಗ್ಗಿಸಿ ತೋರಿಸುತ್ತದೆ. ಅಂಥವರಿಗೆ 43 ಸಾಕು, ಉಳಿದ ದುಡ್ಡು ಸ್ಪೀಕರಿಗೆ ಹಾಕಿ ಅನ್ನುತ್ತೇನೆ.

ಯಾಕೆ ಅಂದರೆ, ಟಿವಿ ತೆಳ್ಳಗಾದಷ್ಟೂ ಅದರೊಳಗಿನ ಸ್ಪೀಕರಿಗೆ ಜಾಗವೇ ಇಲ್ಲ. ಬಹುಪಾಲು ಸೆಟ್‌ಗಳಲ್ಲಿ ಅದರ ಬಾಯಿ ಕೆಳಕ್ಕೋ ಗೋಡೆ ಕಡೆಗೋ ಇರುತ್ತದೆ. ಮಾತು ಗೋಡೆಗೆ ಬಡಿದು ನಮ್ಮ ಹತ್ತಿರ ಬರಬೇಕು. ‘ಫೈಟಿಂಗು ಜೋರು, ಮಾತು ಮಾತ್ರ ತಿಳಿಯಲ್ಲ ಕಣಪ್ಪಾ’ ಅಂತ ಅಜ್ಜಂದಿರು ಗೊಣಗಿದರೆ ಕಿವಿಯದೊಂದೇ ತಪ್ಪಲ್ಲ.

ಸೆಟ್ ಪರೀಕ್ಷೆಗೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಪುಟ್ಟಣ್ಣ ಕಣಗಾಲರು ದುರ್ಗದ ಕೋಟೆಯಲ್ಲಿ ಚಿತ್ರೀಕರಿಸಿದ 1972ರ ‘ನಾಗರಹಾವು’ ಇದೆಯಲ್ಲ! ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ದನಿ ತಗ್ಗಿಸಿ ಆಡಿದ ಮಾತು, ವಾಲ್ಯೂಮ್ ಏರಿಸದೆ ಅಡುಗೆಮನೆ ಬಾಗಿಲವರೆಗೆ ಬಿಡಿಬಿಡಿಯಾಗಿ ಕೇಳಿದರೆ ಸೆಟ್ ಪಾಸು. ಹಳೆಯ ಪ್ರತಿ ಹಾಕಿದಾಗ ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ. ಅದನ್ನು ತುಂಬಿಸಲು ಹೋಗಿ ಚಿತ್ರ ಎಳೆದರೆ ರಾಮಾಚಾರಿಯೂ ದಪ್ಪ, ಕೋಟೆ ಗೋಡೆಯೂ ಗಿಡ್ಡ. ಆ ಕಾಲದ ಧ್ವನಿ ಮಾನೋ. 2018ರಲ್ಲಿ ಮತ್ತೆ ತೆರೆಗೆ ಬಂದಾಗ ಅದಕ್ಕೆ 7.1 ಧ್ವನಿ ಕೂಡಿಸಿದ್ದರು. ಹಳೆ ಪ್ರತಿಗೆ ಮನೆಯಲ್ಲಿ ಐದು ಸ್ಪೀಕರ್ ಜೋಡಿಸಿ ಸುಖವಿಲ್ಲ; ನಮ್ಮ ಮನೆಗಳಲ್ಲಿ ಹಿಂದಿನ ಎರಡು ಸ್ಪೀಕರ್ ಹೇಗೂ ಬೀರುವಿನ ಮೇಲೆ ದೂಳು ತಿನ್ನುತ್ತವೆ. ಎರಡು ಒಳ್ಳೆಯ ಸ್ಪೀಕರ್ ತಗೊಳ್ಳಿ. ವಯಸ್ಸಾದವರಿದ್ದರೆ ಮಾತಿಗೆಂದೇ ನಡುವೆ ಬೇರೆ ಸ್ಪೀಕರ್ ಇರುವ 3.1 ಸೌಂಡ್‌ಬಾರ್. ಡಬ್ಬಿಯ ಮೇಲೆ ಸಾವಿರಗಟ್ಟಲೆ ವಾಟ್ ಪಿಎಂಪಿಒ ಬರೆದಿದ್ದರೆ ಅದು ಲೆಕ್ಕಕ್ಕಿಲ್ಲ, ಆರ್‌ಎಂಎಸ್ ಎಷ್ಟು ಅಂತ ಕೇಳಿ.

ಸ್ಪೀಕರಿಗಿಂತ ಮುಂಚೆ ಕೋಣೆ ನೋಡಬೇಕು ಅನ್ನುವುದು ನನ್ನ ವಾದ. ಆರ್‌ಸಿಸಿ ಮನೆ, ನೆಲಕ್ಕೆ ಟೈಲ್ಸ್, ಬರಿ ಗೋಡೆ: ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟಣ್’ ಅಂತ ಉಳಿದರೆ ಎಷ್ಟು ದುಬಾರಿ ಸ್ಪೀಕರ್ ಇಟ್ಟರೂ ಮಾತು ಕಲಸುತ್ತದೆ. ಇದಕ್ಕೆ ಬೆಂಗಳೂರಿಂದ ಫೋಮ್ ತರಿಸಬೇಕಿಲ್ಲ. ದಪ್ಪ ಪರದೆ ಬಟ್ಟೆ, ನೆಲಕ್ಕೊಂದು ಜಮಖಾನ, ಟಿವಿಗೆ ಎದುರಿನ ಗೋಡೆಗೆ ಒಂದು ಚಳ್ಳಕೆರೆ ಕಂಬಳಿ. ಕುರಿ ಉಣ್ಣೆ ಈ ಟಣಟಣವನ್ನು ಚೆನ್ನಾಗಿ ಕುಡಿಯುತ್ತದೆ. ಬೇಸ್ ಗುಡುಗುಡು ಮಾತ್ರ ಕಂಬಳಿಗೆ ಬಗ್ಗಲ್ಲ, ವೂಫರನ್ನು ಗೋಡೆ ಮೂಲೆಯಿಂದ ಈಚೆಗೆ ಎಳೆಯಿರಿ.

ಜೋಡಣೆಗೆ ‘ಎಆರ್‌ಸಿ’ ಅಂತ ಬರೆದ ಎಚ್‌ಡಿಎಂಐ ಕಿಂಡಿ ಎರಡೂ ಕಡೆ ಇದೆಯಾ ನೋಡಿ. ಒಂದೇ ವೈರು, ಸದ್ದು ಹೆಚ್ಚು ಕಡಿಮೆ ಮಾಡಲು ಟಿವಿ ರಿಮೋಟೇ ಸಾಕು. ಬ್ಲೂಟೂತ್‌ನಲ್ಲಿ ತುಟಿ ಮೊದಲು, ಮಾತು ಆಮೇಲೆ ಆಗುವುದುಂಟು.

ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುವ ಹಳ್ಳಿಯವರು ಸ್ಟೆಬಿಲೈಸರ್ ಇಡುವುದು ಕ್ಷೇಮ. ಮುಂಗಾರಿಗೆ ಮುಂಚಿನ ಗುಡುಗು ಶುರುವಾದರೆ ಪ್ಲಗ್ ಕಿತ್ತರಷ್ಟೇ ಸಾಲದು, ಡಿಶ್ ವೈರನ್ನೂ ಬಿಚ್ಚಿ. ಪ್ಲಗ್ ಕಿತ್ತಿಟ್ಟಿದ್ದರೂ ಬೋರ್ಡ್ ಸುಟ್ಟುಕೊಂಡು ನನ್ನ ಮೇಜಿಗೆ ಬರುವ ಸೆಟ್‌ಗಳಿಗೆ ಹೊಡೆತ ಬಿದ್ದಿರುವುದು ಆ ದಾರಿಯಿಂದಲೇ.