ಹಿಡಿಯಲೊಲ್ಲದ ಕಂಪ್ರೆಸರು

ಕಲಬುರಗಿ, ರಾಯಚೂರುಗಳ ಕಡೆ ಬೇಸಗೆಯ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಹೊಸ ಸಂಗತಿಯೇನೂ ಅಲ್ಲ. ಅಂತಹ ದಿನಗಳಲ್ಲಿ ಕಾರಿನ ಎ.ಸಿ. ಗುಂಡಿಯನ್ನು ಒತ್ತಿದಾಗ ಗಾಳಿಯೇನೋ ಬೀಸಿ, ತಂಪು ಮಾತ್ರ ಬರದೆ ಹೋಗುವುದುಂಟು. ಮೆಕ್ಯಾನಿಕ್ಕನು ಬಾನೆಟ್ಟನ್ನು ಎತ್ತಿ ನೋಡಿ, “ಕಂಪ್ರೆಸರು ಹಿಡಿಯುತ್ತಿಲ್ಲ” ಎನ್ನುತ್ತಾನೆ. ಕೇಳಿದವರು ಇದನ್ನು “ಕಂಪ್ರೆಸರು ಕೆಟ್ಟಿದೆ” ಎಂದೇ ತಿಳಿಯುತ್ತಾರೆ. ಇವೆರಡೂ ಒಂದೇ ಮಾತಲ್ಲ. ಈ ಭೇದವನ್ನು ಅರಿಯದೆ ಸಾವಿರಾರು ರೂಪಾಯಿ ಬೆಲೆಯ ಯಂತ್ರವನ್ನು ಬದಲಾಯಿಸಿ, ಕೊನೆಗೆ ದೋಷವು ಒಂದು ಸಣ್ಣ ಫ್ಯೂಸಿನಲ್ಲಿತ್ತೆಂದು ಕಂಡುಕೊಳ್ಳುವ ಸಂಭವವುಂಟು. ಆದುದರಿಂದ ಕಲಾವಿಭಾಗದವರಾದ ನಾವೂ ಇದರ ಮೂಲತತ್ತ್ವವನ್ನು ತಿಳಿದಿರುವುದು ಒಳ್ಳೆಯದು.

ಮಣ್ಣಿನ ಹೂಜಿಯ ಮೈಮೇಲೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುವುದಷ್ಟೆ. ಎ.ಸಿ.ಯ ತತ್ತ್ವವೂ ಅದೇ. ಆದರೆ ಇಲ್ಲಿ ಆವಿಯಾಗುವ ದ್ರವ ಬೇರೆ. ಬಹುಕಾಲ ಬಳಕೆಯಲ್ಲಿರುವ ಆರ್-134ಎ ಎಂಬ ದ್ರವವು ವಾಯುಮಂಡಲದ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಾರಿನ ಒಳಭಾಗದ ಸುರುಳಿಯಲ್ಲಿ ಅದು ಆವಿಯಾಗಿ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಎಳೆದು, ಒತ್ತಿ, ಮುಂಭಾಗದ ಕಂಡೆನ್ಸರಿಗೆ ಕಳುಹಿಸುವುದು ಕಂಪ್ರೆಸರಿನ ಕೆಲಸ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು, ಮತ್ತೆ ದ್ರವವಾಗಿ, ಕಿರಿದಾದ ಒಂದು ಕವಾಟದ ಮೂಲಕ ಅದು ಒಳಗಿನ ಸುರುಳಿಗೇ ಮರಳುತ್ತದೆ.

ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿಯವರು ಮೊದಲಿಗೆ ಕಾರಿನಲ್ಲಿ ಈ ಸೌಕರ್ಯವನ್ನು ಒದಗಿಸಿದಾಗ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ತಂಪು ಬೇಡವಾದರೆ ಎಂಜಿನ್ನನ್ನು ನಿಲ್ಲಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗುತ್ತಿತ್ತು. ಈ ತೊಂದರೆಯನ್ನು ಆ ಮೇಲೆ ವಿದ್ಯುತ್ಕಾಂತದ ಕ್ಲಚ್ಚು ನೀಗಿಸಿತು. ಬೆಲ್ಟು ಸುತ್ತಿದ ರಾಟೆ ಸದಾ ತಿರುಗುತ್ತಲೇ ಇರುತ್ತದೆ. ಅದರ ಎದುರಿನ ಉಕ್ಕಿನ ತಟ್ಟೆ ಕಂಪ್ರೆಸರಿನ ಅಚ್ಚಿಗೆ ಸೇರಿದ್ದು. ರಾಟೆಯ ಹಿಂದಿನ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದು ಆಯಸ್ಕಾಂತವಾಗಿ ತಟ್ಟೆಯನ್ನು ಸೆಳೆಯುತ್ತದೆ. “ಟಕ್” ಎಂಬ ಸದ್ದಾಗಿ ತಟ್ಟೆಯೂ ಕಂಪ್ರೆಸರೂ ತಿರುಗತೊಡಗುತ್ತವೆ. “ಹಿಡಿಯುವುದು” ಎಂದರೆ ಇದೇ.

ಆದರೆ ಗುಂಡಿಯನ್ನು ಒತ್ತಿದ ಮಾತ್ರಕ್ಕೆ ವಿದ್ಯುತ್ತು ಕ್ಲಚ್ಚಿಗೆ ಹರಿಯುವುದಿಲ್ಲ. ದಾರಿಯಲ್ಲಿ ಕಾವಲುಗಾರರಿದ್ದಾರೆ. ಗ್ಯಾಸಿನ ಒತ್ತಡ ತೀರ ಕಡಮೆಯಾದರೆ ಒತ್ತಡದ ಸ್ವಿಚ್ಚು ಪ್ರವಾಹವನ್ನು ತಡೆಯುತ್ತದೆ. ಕಂಡೆನ್ಸರಿನ ಫ್ಯಾನು ನಿಂತು ಒತ್ತಡ ಮಿತಿಮೀರಿದರೂ ತಡೆಯುತ್ತದೆ. ಒಳಗಿನ ಸುರುಳಿ ಹಿಮಗಟ್ಟುವಷ್ಟು ತಣ್ಣಗಾದರೆ ಉಷ್ಣತೆಯನ್ನು ಅಳೆಯುವ ಸಾಧನವು ತಡೆಯುತ್ತದೆ. ಅನೇಕ ಕಾರುಗಳಲ್ಲಿ ಎಂಜಿನ್ನು ಅತಿಯಾಗಿ ಕಾದಾಗಲೂ ತಡೆಯುಂಟು. ಆದ್ದರಿಂದ ಹಿಡಿಯದ ಕಂಪ್ರೆಸರು ಎಷ್ಟೋ ಸಲ ಕೆಟ್ಟುದಲ್ಲ, ಕೆಡದಂತೆ ತಡೆಯಲ್ಪಟ್ಟುದು.

ಹಾಗಾದರೆ ಪರೀಕ್ಷೆಯ ಕ್ರಮ ಯಾವುದು? ತರ್ಕಶಾಸ್ತ್ರವನ್ನು ಓದುವ ಮಿತ್ರರಿಗೆ ಇದು ಅಪರಿಚಿತವಲ್ಲ. ಸಾಧ್ಯವಾದ ಕಾರಣಗಳನ್ನು ಎರಡು ಪಂಗಡಗಳಾಗಿ ಒಡೆಯುವ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕು. ಇಲ್ಲಿ ಆ ಪ್ರಶ್ನೆ ಇದು: ಎ.ಸಿ.ಯನ್ನು ಹಾಕಿದಾಗ ಕ್ಲಚ್ಚಿನವರೆಗೆ ವಿದ್ಯುತ್ತು ಬರುತ್ತಿದೆಯೇ, ಇಲ್ಲವೇ? ಮೀಟರನ್ನೋ ಸಣ್ಣ ಪರೀಕ್ಷಾದೀಪವನ್ನೋ ಹಿಡಿದರೆ ಉತ್ತರ ದೊರೆಯುತ್ತದೆ. ತಿರುಗುವ ಬೆಲ್ಟಿನ ಬಳಿ ಕೈಯಾಗಲಿ, ಸೆರಗಾಗಲಿ, ತೋಳಿನ ಬಟ್ಟೆಯಾಗಲಿ ಹೋಗದಂತೆ ನೋಡಿಕೊಳ್ಳತಕ್ಕದ್ದು.

ವಿದ್ಯುತ್ತು ಬರುತ್ತಿದ್ದರೂ ಹಿಡಿಯದಿದ್ದರೆ ದೋಷವು ಕ್ಲಚ್ಚಿನಲ್ಲೇ ಇದೆ. 12 ವೋಲ್ಟಿನ ಕಾರುಗಳಲ್ಲಿ ತಂತಿಸುರುಳಿಯ ರೋಧವು ಸಾಮಾನ್ಯವಾಗಿ 3ರಿಂದ 5 ಓಮ್. ಮೀಟರು ಅನಂತವೆಂದು ತೋರಿಸಿದರೆ ತಂತಿ ತುಂಡಾಗಿದೆ. ಸುರುಳಿ ಸರಿಯಿದ್ದರೆ ತಟ್ಟೆಗೂ ರಾಟೆಗೂ ನಡುವಣ ಸಂದನ್ನು ಅಳೆಯಬೇಕು. ಅದು ಸುಮಾರು ಅರ್ಧ ಮಿಲಿಮೀಟರಿನಷ್ಟಿರುತ್ತದೆ. ಸವೆದು ಅಗಲವಾದರೆ ಆಯಸ್ಕಾಂತದ ಸೆಳೆತ ಸಾಲದು. ಕಾದ ತಂತಿಯ ರೋಧ ಹೆಚ್ಚುವುದರಿಂದ ಅಂತಹ ಕ್ಲಚ್ಚು ಬೆಳಗ್ಗೆ ಹಿಡಿದು, ಎಂಜಿನ್ನು ಕಾದ ಮೇಲೆ ಬಿಡುವುದುಂಟು. ಇದಕ್ಕೂ ಹೊಸ ಕಂಪ್ರೆಸರೇ ಬೇಕೆಂದಿಲ್ಲ. ಎಂಜಿನ್ನನ್ನು ನಿಲ್ಲಿಸಿ ತಟ್ಟೆಯನ್ನು ಕೈಯಿಂದ ತಿರುಗಿಸಿದಾಗ ಅದು ಅಲುಗದೆ ಬಿಗಿದುಕೊಂಡಿದ್ದರೆ ಮಾತ್ರ ಕಂಪ್ರೆಸರಿನ ಒಳಭಾಗವನ್ನು ಶಂಕಿಸಬೇಕು.

ವಿದ್ಯುತ್ತೇ ಬರದಿದ್ದರೆ ಫ್ಯೂಸನ್ನು ನೋಡುವುದು, ಅದೇ ನಮೂನೆಯ ಬೇರೊಂದು ರಿಲೇಯನ್ನು ಕೂಡಿಸಿ ನೋಡುವುದು, ಬಳಿಕ ಗ್ಯಾಸಿನ ಒತ್ತಡವನ್ನು ಅಳೆಯಿಸುವುದು. ನಿಂತಿರುವ, ತಣಿದ ಕಾರಿನಲ್ಲಿ ಉಷ್ಣತೆ 30 ಡಿಗ್ರಿಯಿದ್ದಾಗ ಆರ್-134ಎ ಗ್ಯಾಸಿನ ಒತ್ತಡವು ಚದರ ಅಂಗುಲಕ್ಕೆ 95 ಪೌಂಡಿನ ಆಸುಪಾಸಿನಲ್ಲಿರಬೇಕು. ಬಹಳ ಕಡಮೆಯಿದ್ದರೆ ಎಲ್ಲಿಯೋ ಸೋರಿದೆ. ಕೊಳವೆಯ ಸಂದುಗಳಲ್ಲಿ ಕಾಣುವ ಎಣ್ಣೆಯ ಜಿಡ್ಡು ಆ ಜಾಗವನ್ನು ತೋರಿಸಬಹುದು. ಸೋರಿಕೆಯನ್ನು ಮುಚ್ಚದೆ ಗ್ಯಾಸು ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಅಲ್ಲದೆ ಈ ಗ್ಯಾಸು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲಾಮ್ಲಕ್ಕಿಂತ ಸಾವಿರಕ್ಕೂ ಮಿಕ್ಕಿದ ಪಟ್ಟು ಪ್ರಬಲವಾದುದು. ಇಂತಹ ಗ್ಯಾಸುಗಳ ಬಳಕೆಯನ್ನು ಕ್ರಮೇಣ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡುವು.

ಇಲ್ಲಿ ಒಂದು ದೊಡ್ಡ ಅಪಾಯವನ್ನು ಹೇಳಲೇಬೇಕು. ಕೆಲವರು ಒತ್ತಡದ ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಕೂಡಿಸಿಬಿಡುತ್ತಾರೆ. ಕಂಪ್ರೆಸರು ಕೂಡಲೆ ಹಿಡಿಯುತ್ತದೆ, ಯಜಮಾನನಿಗೆ ಸಂತೋಷವಾಗುತ್ತದೆ. ಆದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಡನೆಯೇ ಸುತ್ತಿ ಬರತಕ್ಕದ್ದು. ಗ್ಯಾಸಿಲ್ಲದಾಗ ಎಣ್ಣೆಯೂ ಬಾರದು. ಒಣಗಿ ತಿರುಗಿದ ಭಾಗಗಳು ತಿಕ್ಕಿ, ಕಾದು, ಕೆಲಕಾಲದಲ್ಲೇ ಬಿಗಿದುಕೊಳ್ಳುತ್ತವೆ. ಲೋಹದ ಪುಡಿ ಕೊಳವೆಗಳಲ್ಲೆಲ್ಲ ಹರಡಿ ಕಂಡೆನ್ಸರೂ ಕವಾಟವೂ ಹಾಳಾಗುತ್ತವೆ. ಅಲ್ಪ ಖರ್ಚಿನಲ್ಲಿ ತೀರಬಹುದಾಗಿದ್ದ ದೋಷ ಹೀಗೆ ಇಡೀ ವ್ಯವಸ್ಥೆಯನ್ನೇ ನುಂಗುತ್ತದೆ.

ಈಚಿನ ಹಲವು ಕಾರುಗಳಲ್ಲಿ ಕ್ಲಚ್ಚಿಲ್ಲದ ಕಂಪ್ರೆಸರುಗಳಿವೆ. ಅವುಗಳಲ್ಲಿ “ಟಕ್” ಎಂಬ ಸದ್ದನ್ನು ನಿರೀಕ್ಷಿಸಲಾಗದು. ವಿದ್ಯುತ್ ಕಾರುಗಳ ಕಂಪ್ರೆಸರಿಗೆ ಬರುವ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಂತಿಕವಾದ ವೋಲ್ಟೇಜು ಇರುವುದರಿಂದ ಅವನ್ನು ನಾವು ಮುಟ್ಟಲೇಬಾರದು.

ಗ್ಯಾಸಿನ ಕೊಳವೆಗಳನ್ನು ಬಿಚ್ಚುವುದು ತಜ್ಞರ ಕೆಲಸ. ಹೊರಚಿಮ್ಮುವ ದ್ರವವು ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಬಲ್ಲುದು. ಆದರೆ ಪ್ರಶ್ನೆ ಕೇಳುವ ಅಧಿಕಾರ ಯಜಮಾನನಿಗಿದೆ. ಹೊಸ ಕಂಪ್ರೆಸರಿಗೆ ಒಪ್ಪಿಗೆ ಕೊಡುವ ಮುನ್ನ ಮೂರು ಮಾತು ಕೇಳಿದರೆ ಸಾಕು: ಕ್ಲಚ್ಚಿಗೆ ವಿದ್ಯುತ್ತು ಬರುತ್ತಿದೆಯೇ? ಗ್ಯಾಸಿನ ಒತ್ತಡ ಎಷ್ಟಿದೆ? ತಟ್ಟೆ ಕೈಗೆ ತಿರುಗುತ್ತದೆಯೇ? ಇವಕ್ಕೆ ಅಳತೆಯ ಉತ್ತರ ಸಿಗುವವರೆಗೆ ಹಣದ ಚೀಲವನ್ನು ಬಿಚ್ಚಬೇಕಾಗಿಲ್ಲ.