ವಿಮಾನ ಚಾಲಕರ ಕಿವಿಗೊಂದು ಕಾವಲು

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ನಮ್ಮ ಹಿರಿಯರ ಗಾದೆ. ಆಡಿದ ಮಾತು ಕೇಳಬೇಕಾದವರ ಕಿವಿಗೆ ಬೀಳದೆ ಹೋದರೆ ಏನಾಗುತ್ತದೆ ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಅದನ್ನು ಯೋಚಿಸುವ ಸಂದರ್ಭ ವಯನಾಡಿನವರಾದ ನಮಗೆ 2024ರಲ್ಲಿ ಒದಗಿತು.

ಆ ವರ್ಷದ ಜುಲೈ 30ರಂದು ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ಬಿದ್ದುದನ್ನು ನಾವು ಯಾರೂ ಮರೆಯುವಂತಿಲ್ಲ. ಸೇತುವೆ ಕೊಚ್ಚಿಹೋಗಿ ದಾರಿ ಕಡಿದಿತ್ತು. ಗಾಯಾಳುಗಳನ್ನು ಸಾಗಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಅವು ತಲೆಯ ಮೇಲೆ ಹಾದುಹೋಗುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಶಾಲೆ ಮತ್ತೆ ತೆರೆದ ಮೇಲೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮಾಷ್ಟ್ರೇ, ಕೆಳಗಿದ್ದ ನಮಗೇ ಏನೂ ಕೇಳಿಸಲಿಲ್ಲ. ಅದರೊಳಗೆ ಕುಳಿತವರು ಒಬ್ಬರ ಮಾತನ್ನು ಒಬ್ಬರು ಹೇಗೆ ಕೇಳುತ್ತಾರೆ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೆಡ್‌ಸೆಟ್ ಎಂಬ ಸಾಧನದಲ್ಲಿದೆ. ಎರಡು ಕಿವಿಗಳಿಗೆ ಎರಡು ಬಟ್ಟಲು, ಅವನ್ನು ಜೋಡಿಸಲು ತಲೆಯ ಮೇಲೊಂದು ಪಟ್ಟಿ, ತುಟಿಯ ಬಳಿ ಒಂದು ಸಣ್ಣ ಮೈಕು. ಇಷ್ಟೇ ಅದರ ರೂಪ. ವಾಯುಪಡೆಯ ಹೆಲಿಕಾಪ್ಟರಿನಲ್ಲಿ ಇದು ಶಿರಸ್ತ್ರಾಣದೊಳಗೆ ಸೇರಿರುತ್ತದೆ. ಪ್ರಯಾಣಿಕರ ವಿಮಾನದ ಚಾಲಕರು ಅದನ್ನೇ ಬಿಡಿಯಾಗಿ ಧರಿಸುತ್ತಾರೆ. ಅವರು ಅದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಗದ್ದಲವು ಮಾತನ್ನು ಕೆಡಿಸುವ ಬಗೆಯನ್ನು ತಿಳಿಯಬೇಕು. ಜೂನ್ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಹೊಯ್ಯುತ್ತಿರುವಾಗ ಉಕ್ತಲೇಖನ ಕೊಟ್ಟ ಅನುಭವ ನಮಗುಂಟು. 'ತಟ್ಟೆಯಲ್ಲಿ ಊಟ ಬಡಿಸಿದರು' ಎಂದು ನಾವು ಹೇಳಿದರೆ, ಹಿಂದಿನ ಬೆಂಚಿನವರು 'ಕಟ್ಟೆಯಲ್ಲಿ ಊಟ ಬಡಿಸಿದರು' ಎಂದು ಬರೆದಿರುತ್ತಾರೆ! ತಪ್ಪು ಮಕ್ಕಳದಲ್ಲ. ಸ್ವರಗಳು ಬಲವಾದ ಧ್ವನಿಗಳು. ಗದ್ದಲವನ್ನು ಸೀಳಿಕೊಂಡು ಬರುತ್ತವೆ. ಕ, ತ, ಪ, ಸ ಮೊದಲಾದ ವ್ಯಂಜನಗಳು ಕ್ಷಣಮಾತ್ರದ ಮೆಲುದನಿಗಳು, ಗದ್ದಲದಲ್ಲಿ ಮುಳುಗಿಹೋಗುತ್ತವೆ. ಅರ್ಥ ನಿಂತಿರುವುದು ಬಹುಪಾಲು ವ್ಯಂಜನಗಳ ಮೇಲೆಯೇ. ವೈಮಾನಿಕರಿಗೂ ಇದೇ ತೊಡಕು. ಇಂಗ್ಲಿಷಿನ ಬಿ, ಡಿ, ಪಿ, ಟಿ ಅಕ್ಷರಗಳು ಒಂದೇ ರೀತಿ ಕೇಳಿಸುವುದರಿಂದ ಅವರು ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ ಎಂದು ಬಿಡಿಸಿ ಹೇಳುತ್ತಾರೆ. ಒಂಬತ್ತನ್ನು 'ನೈನ್' ಎನ್ನದೆ 'ನೈನರ್' ಎನ್ನುತ್ತಾರೆ.

ಒಂದು ಮಾತು ತಪ್ಪಿದರೆ ಆಗುವ ಅನಾಹುತಕ್ಕೆ ಇತಿಹಾಸವೇ ಸಾಕ್ಷಿ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ದಟ್ಟ ಮಂಜು ಕವಿದಿತ್ತು. ಓಡುದಾರಿಯಲ್ಲಿ ಇನ್ನೂ ಒಂದು ವಿಮಾನವಿತ್ತು. ಅದೇ ಹೊತ್ತಿಗೆ ಇನ್ನೊಂದು ಮೇಲೇರಲು ಹೊರಟಿತು. ನಿಯಂತ್ರಣ ಗೋಪುರದವರೂ ಮೊದಲ ವಿಮಾನದವರೂ ಏಕಕಾಲದಲ್ಲಿ ರೇಡಿಯೋದಲ್ಲಿ ಮಾತನಾಡಿದ್ದರಿಂದ ಎರಡನೆಯ ವಿಮಾನದೊಳಗೆ ಕೀರಲು ಸದ್ದು ಬೆರೆಯಿತು. ಮುಖ್ಯವಾದ ಮಾತುಗಳು ಸ್ಪಷ್ಟವಾಗಲಿಲ್ಲ. ಎರಡು ವಿಮಾನಗಳೂ ಡಿಕ್ಕಿಯಾಗಿ 583 ಜನ ಮಡಿದರು. ಅಲ್ಲಿ ಕಾರಣಗಳು ಹಲವಿದ್ದವು. ಹೆಡ್‌ಸೆಟ್ಟಿನ ದೋಷ ಅದಲ್ಲ. ಆದರೆ ವಿಮಾನದಲ್ಲಿ ಒಂದು ಮಾತಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕಿವಿಯ ವಿಷಯ. ಸದ್ದನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಧಾರಣ ಮಾತು ಸುಮಾರು 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದು ತಜ್ಞರ ಸಲಹೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಇರಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಎಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ನಮ್ಮ ಮನೆಯ ಹಿರಿಯರೊಬ್ಬರು ಚಹದ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದರು. ಕೊನೆಕೊನೆಗೆ ಅವರು, "ನೀವು ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎನ್ನುತ್ತಿದ್ದರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಾಗ ನಮಗೆ ಕಾರಣ ತಿಳಿಯಿತು. ಒಳಗಿವಿಯ ನವಿರಾದ ಕೂದಲಿನಂಥ ಜೀವಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ದನಿಗಳನ್ನು ಹಿಡಿಯುವ ಕೋಶಗಳು. ಅವುಗಳೊಡನೆ ವ್ಯಂಜನಗಳೂ ಹೋಗುತ್ತವೆ.

ಹೆಡ್‌ಸೆಟ್ ಸದ್ದನ್ನು ತಗ್ಗಿಸುವುದು ಎರಡು ವಿಧದಲ್ಲಿ. ಮೊದಲನೆಯದು ತಡೆ. ಬಟ್ಟಲಿನ ಅಂಚಿನ ಮೆತ್ತೆ ಕಿವಿಯ ಸುತ್ತ ಸಂದಿಲ್ಲದಂತೆ ಕೂತು ಹೊರಗಿನ ಸದ್ದನ್ನು ತಡೆಯುತ್ತದೆ. ಕೀರಲು ಸದ್ದಿಗೆ ಇದು ಒಳ್ಳೆಯ ತಡೆ. ಇಂಜಿನ್ನಿನ 'ಗುಂಯ್' ಎಂಬ ತಗ್ಗುದನಿ ಮಾತ್ರ ನುಸುಳಿಬರುತ್ತದೆ. ಅದಕ್ಕೆ ಎರಡನೆಯ ಉಪಾಯ. ಪೂಕೋಡು ಕೆರೆಗೆ ಎರಡು ಕಲ್ಲು ಎಸೆದು ನೋಡಿ. ಒಂದರ ಅಲೆಯ ಉಬ್ಬು ಇನ್ನೊಂದರ ತಗ್ಗನ್ನು ಕೂಡಿದಲ್ಲಿ ನೀರು ಸಮತಟ್ಟಾಗುತ್ತದೆ. ಹಾಗೆಯೇ ಬಟ್ಟಲಿನಲ್ಲಿರುವ ಪುಟ್ಟ ಮೈಕು ಗದ್ದಲವನ್ನು ಗ್ರಹಿಸುತ್ತದೆ. ವಿದ್ಯುನ್ಮಂಡಲವು ಅದಕ್ಕೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಹುಟ್ಟಿಸುತ್ತದೆ. ಎರಡೂ ಕೂಡಿ ಸದ್ದು ಅಡಗುತ್ತದೆ.

ಈ ತತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬವರು 1930ರ ದಶಕದಲ್ಲೇ ಹಕ್ಕುಪತ್ರ ಪಡೆದಿದ್ದರು. ಅದನ್ನು ಬಳಕೆಗೆ ತಂದವರಲ್ಲಿ ಅಮರ್ ಬೋಸ್ ಮುಖ್ಯರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು. 1978ರಲ್ಲಿ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಕಿವಿಗೆ ಹಾಕಿಕೊಂಡ ಸಂಗೀತ ಗದ್ದಲದಲ್ಲಿ ಕೇಳದೆ ಬೇಸರಗೊಂಡು ಅಲ್ಲೇ ಲೆಕ್ಕಾಚಾರ ಆರಂಭಿಸಿದರಂತೆ. 1986ರಲ್ಲಿ ವೊಯೇಜರ್ ವಿಮಾನ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ 9 ದಿನಗಳಲ್ಲಿ ಭೂಮಿಯನ್ನು ಸುತ್ತಿತು. ಅದರ ಇಬ್ಬರು ಚಾಲಕರೂ ಅವರ ಪ್ರಾಯೋಗಿಕ ಹೆಡ್‌ಸೆಟ್ ಧರಿಸಿದ್ದರು. 1989ರಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಹಾಗಾದರೆ ಆಯ್ಕೆ ಹೇಗೆ? ಎಲ್ಲಕ್ಕಿಂತ ಹೆಚ್ಚು ಸದ್ದಡಗಿಸುವುದೇ ಉತ್ತಮ ಎಂದು ತೋರಬಹುದು. ಅದು ಸರಿಯಲ್ಲ. ಮೊದಲ ಪ್ರಶ್ನೆ, ಯಾವ ವಿಮಾನ ಎಂಬುದು. ದೊಡ್ಡ ಜೆಟ್ ವಿಮಾನದ ಚಾಲಕಕೋಣೆಯಲ್ಲಿ ಇಂಜಿನ್ನಿಗಿಂತ ಮೂತಿಗೆ ಬಡಿಯುವ ಗಾಳಿಯ ಸದ್ದೇ ಹೆಚ್ಚು; ಅಲ್ಲಿ ಹಗುರವಾದ ಹೆಡ್‌ಸೆಟ್ ಸಾಕಾಗಬಹುದು. ಸಣ್ಣ ಊರುಗಳಿಗೆ ಓಡಾಡುವ ಎ.ಟಿ.ಆರ್. ಬಗೆಯ ವಿಮಾನಗಳಿಗೆ ಪಂಖಗಳಿವೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಆರಂಭವಾದುದೂ ಇಂಥ ವಿಮಾನಗಳಿಂದಲೇ. ಇವುಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲೇ ಒಳಿತು. ಕೊಳ್ಳುವ ಮುನ್ನ ತುದಿಯ ಪ್ಲಗ್ಗನ್ನೂ ನೋಡಬೇಕು. ಏರ್‌ಬಸ್ಸಿಗೆ ಐದು ಮುಳ್ಳುಗಳ ಒಂದೇ ಪ್ಲಗ್ಗು, ಸಣ್ಣ ವಿಮಾನಗಳಿಗೆ ಎರಡು ಪ್ಲಗ್ಗು. ಒಂದು ಇನ್ನೊಂದಕ್ಕೆ ಕೂಡುವುದಿಲ್ಲ.

ಎರಡನೆಯದು ಹಿತ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಎಲ್ಲವೂ ಹಿತವೇ. ಎರಡು ಗಂಟೆ ಹಾಕಿದರೆ ನಿಜ ತಿಳಿಯುತ್ತದೆ. ಕಿವಿ ಮುಚ್ಚುವ ಹೆಡ್‌ಸೆಟ್ಟುಗಳು ಸಾಮಾನ್ಯವಾಗಿ 350ರಿಂದ 500 ಗ್ರಾಂ ತೂಗುತ್ತವೆ. ಪಟ್ಟಿ ಬಿಗಿಯಾದರೆ ಕಪಾಲ ನೋಯುತ್ತದೆ, ಸಡಿಲವಾದರೆ ಸಂದಿಯಿಂದ ಸದ್ದು ನುಗ್ಗುತ್ತದೆ. ಕನ್ನಡಕದವರು ತೆಳುವಾದ ಕಡ್ಡಿಯ ಕನ್ನಡಕ ಧರಿಸುವುದು ಮೇಲು. ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿಯುತ್ತದೆ. ಹಿತವೆಂದರೆ ಸುಖಲೋಲುಪತೆಯಲ್ಲ. ನೋಯಿಸುವ ಹೆಡ್‌ಸೆಟ್ಟನ್ನು ಮನುಷ್ಯ ಸರಿಸಿಯೇ ಸರಿಸುತ್ತಾನೆ. ಸರಿಸಿದ ಹೆಡ್‌ಸೆಟ್ ಎಷ್ಟು ಬೆಲೆಯದಾದರೂ ವ್ಯರ್ಥ.

ಮೂರನೆಯದು ಮಾತಿನ ಸ್ಪಷ್ಟತೆ. ಇಲ್ಲಿನ ಮೈಕು ದೂರದ ಸದ್ದನ್ನು ಕಳೆದು ಹತ್ತಿರದ ದನಿಯನ್ನಷ್ಟೇ ಹಿಡಿಯುವಂಥದು. ಅದು ತುಟಿಯನ್ನು ಮುಟ್ಟುವಷ್ಟು ಸಮೀಪವಿರಬೇಕು. ಇಲ್ಲವಾದರೆ ಆಡಿದ ಮಾತನ್ನೂ ಗದ್ದಲವೆಂದೇ ಕಳೆದುಬಿಡುತ್ತದೆ. ಪಕ್ಕದ ಸಹಚಾಲಕನ ಮಾತು, ಎಚ್ಚರಿಕೆಯ ಗಂಟೆಗಳು ಕೇಳುವಂತಿರಬೇಕು. ಬ್ಯಾಟರಿ ಮುಗಿದರೂ ಮೊದಲ ವಿಧದ ತಡೆ ಉಳಿದು, ರೇಡಿಯೋದ ಮಾತು ನಿಲ್ಲದೆ ಬರಬೇಕು.

ಒಟ್ಟಿನಲ್ಲಿ ಒಳ್ಳೆಯ ಹೆಡ್‌ಸೆಟ್ ಕಿವಿಯನ್ನು ಮುಚ್ಚುವ ಬಾಗಿಲಲ್ಲ, ಬೇಕಾದವರನ್ನು ಒಳಬಿಟ್ಟು ಬೇಡವಾದವರನ್ನು ತಡೆಯುವ ಕಾವಲುಗಾರ.

ವಿದ್ಯಾರ್ಥಿಗಳೇ, ವಯನಾಡಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ 2018ರಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ಅದನ್ನು ನೋಡಿಬಂದ ನಿಮ್ಮಲ್ಲಿ ಕೆಲವರು ಪೈಲಟ್ ಆಗುವ ಆಸೆಯನ್ನು ನಮ್ಮ ಮುಂದೆ ಹೇಳಿದ್ದೀರಿ. ಸಂತೋಷ. ಆ ವೃತ್ತಿಗೆ ಸೇರುವ ಮೊದಲು ಕಣ್ಣಿನಂತೆ ಕಿವಿಗೂ ಪರೀಕ್ಷೆಯುಂಟು. ಇಂದು ಬಸ್ಸಿನ ಗದ್ದಲವನ್ನು ಮೀರಿಸಲು ಮೊಬೈಲಿನ ಹಾಡನ್ನು ಏರಿಸಿ ಏರಿಸಿ ಕಿವಿಗೆ ತುಂಬಿಕೊಳ್ಳುವವರು ಆ ಪರೀಕ್ಷೆಯನ್ನು ಈಗಲೇ ಬರೆಯುತ್ತಿದ್ದಾರೆ ಎಂದು ತಿಳಿಯಬೇಕು. ಹೆಡ್‌ಸೆಟ್ ಹಾಳಾದರೆ ಇನ್ನೊಂದನ್ನು ಕೊಳ್ಳಬಹುದು, ಕಿವಿಗೆ ಅಂಗಡಿಯಿಲ್ಲ.