ಹೊಡೆತಕ್ಕೆ ಒಪ್ಪಿಗೆ ಎಲ್ಲಿಂದ ಬರುತ್ತದೆ?

ಹೇಳದೆ ಮನೆಯಿಂದ ಹೊರಗೆ ಹೋದರೆ? ಅಡುಗೆ ಸರಿಯಾಗಿ ಮಾಡದಿದ್ದರೆ? ಅತ್ತೆ–ಮಾವನಿಗೆ ಮರ್ಯಾದೆ ಕೊಡದಿದ್ದರೆ? ಇಂಥ ಏಳು ಕಾರಣಗಳನ್ನು ಮುಂದಿಟ್ಟು, ಹೆಂಡತಿಯನ್ನು ಗಂಡ ಹೊಡೆಯುವುದು ಸರಿಯೇ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿತ್ತು. ಒಂದಲ್ಲ ಒಂದು ಕಾರಣಕ್ಕೆ ‘ಸರಿ’ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ 81.9. ಹೆಂಗಸರಲ್ಲಿ ಶೇ 76.9. ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49 ವರ್ಷದ ವಿವಾಹಿತೆಯರು ಶೇ 44.4, ಆಗ ರಾಜ್ಯಗಳ ಪೈಕಿ ನಮ್ಮದೇ ಹೆಚ್ಚು.

ಆ ಶೇ 76.9ನ್ನು ಹೆಂಗಸರ ತಿಳಿವಳಿಕೆಯ ಕೊರತೆ ಎಂದು ಓದುವವರ ಜತೆ ನನಗೆ ಜಗಳವಿದೆ. ಕೆನ್ನೆ ಊದಿಸಿಕೊಂಡು ತವರಿಗೆ ಬಂದವಳಿಗೆ ಏನಾಗುತ್ತದೆ? ಅವ್ವ ಬಿಸಿನೀರಿನ ಶಾಖ ಕೊಡುತ್ತಾಳೆ, ಎರಡು ದಿನ ಇರಿಸಿಕೊಳ್ಳುತ್ತಾಳೆ, ಮೂರನೆಯ ದಿನ ಉಡಿ ತುಂಬಿ ಅಣ್ಣನ ಬೈಕ್ ಹತ್ತಿಸುತ್ತಾಳೆ. ‘ಹೊಂದಿಕೊಂಡು ಹೋಗವ್ವಾ.’ ಅಕ್ಕಪಕ್ಕದವರಿಗೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಠಾಣೆಗೆ ಹೋದರೆ ಎಷ್ಟೋ ಸಲ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡು, ಬುದ್ಧಿ ಹೇಳಿ ಕಳಿಸುತ್ತಾರೆ. ಎಲ್ಲ ಕಡೆಯೂ ಮೊದಲು ಬರುವ ಪ್ರಶ್ನೆ ಒಂದೇ: ‘ನೀನೇನು ಮಾಡಿದೆ?’ ಹೀಗೆ ಮತ್ತೆ ಅದೇ ಹೊಸ್ತಿಲಿಗೆ ಬಂದು ನಿಂತವಳು, ತಪ್ಪು ನನ್ನದೇ ಇರಬೇಕು ಎಂದುಕೊಂಡರೆ ಮಾತ್ರ ಆ ಮನೆಯಲ್ಲಿ ಬಾಳುವುದು ಸಾಧ್ಯ. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ ಎನ್ನುತ್ತದೆ ಅದೇ ಸಮೀಕ್ಷೆ.

ಕುಡಿತವನ್ನು ದೂರುವುದು ಸುಲಭ. ಕುಡಿದು ಬಂದವನು ದಾರಿಯಲ್ಲಿ ಸಿಕ್ಕ ಮೇಸ್ತ್ರಿಗೆ ಕೈ ಮುಗಿಯುತ್ತಾನೆ, ಮನೆಗೆ ಬಂದ ಮೇಲೆ ಅದೇ ಕೈ ಎತ್ತುತ್ತಾನೆ. ಯಾರನ್ನು ಹೊಡೆದರೆ ಕೇಳುವವರಿಲ್ಲ ಎಂಬ ಎಚ್ಚರ ಅಮಲಿನಲ್ಲೂ ತಪ್ಪುವುದಿಲ್ಲ.

ಅವಳ ದುಡಿಮೆ ಅವಳನ್ನು ಕಾಯುತ್ತದೆಯೇ? ಬೆಂಗಳೂರಿನ ಕೊಳೆಗೇರಿಗಳ ವಿವಾಹಿತೆಯರನ್ನು ಕೆಲಕಾಲ ಹಿಂಬಾಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡದ್ದು ಬೇರೆಯೇ. ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೆ ಹಿಂಸೆ ಹೆಚ್ಚಿತ್ತು. ಗಂಡನ ಕೆಲಸಕ್ಕೆ ತೊಂದರೆ ಬಂದಾಗಲೂ ಹೆಚ್ಚಿತ್ತು. ದುಡಿಯುವವನು ತಾನು, ನಡೆಯಬೇಕಾದ ಮಾತು ತನ್ನದು ಎಂದು ನಂಬಿ ಬೆಳೆದವನಿಗೆ ಅವಳ ಸಂಬಳ ತನ್ನ ಗಂಡಸುತನಕ್ಕೆ ಬಿದ್ದ ಪೆಟ್ಟಾಗಿ ಕಾಣುತ್ತದೆ. ಅವಳ ಎಟಿಎಂ ಕಾರ್ಡು ಅವನ ಜೇಬಿನಲ್ಲೇ ಉಳಿಯುತ್ತದೆ.

ಹಾಗಾದರೆ ಯಾವುದು ಕಾಯುತ್ತದೆ? ತಿರುವನಂತಪುರ ಜಿಲ್ಲೆಯ ಸುಮಾರು 500 ವಿವಾಹಿತೆಯರ ಬಗ್ಗೆ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿದ ಅಧ್ಯಯನದಲ್ಲಿ ನನಗೆ ಉತ್ತರ ಸಿಕ್ಕಿದೆ. ಆಸ್ತಿ ಇಲ್ಲದವರಲ್ಲಿ ಪೆಟ್ಟು ತಿಂದವರು ಶೇ 49. ಜಮೀನು ಇದ್ದವರಲ್ಲಿ ಶೇ 18, ಮನೆ ಇದ್ದವರಲ್ಲಿ ಶೇ 10, ಎರಡೂ ಇದ್ದವರಲ್ಲಿ ಶೇ 7. ಇವಳು ಎದ್ದು ಹೋಗಬಲ್ಲಳು ಎಂದು ಗಂಡನಿಗೆ ಗೊತ್ತಿದ್ದರೆ ಎತ್ತಿದ ಕೈ ತಡೆಯುತ್ತದೆ.

ಕಾನೂನು ನಮ್ಮಲ್ಲಿ ಮೊದಲೇ ಬಂದಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರಕ್ಕಿಂತ 11 ವರ್ಷ ಮುಂಚೆ. ಗಂಡನ ಮನೆಯಲ್ಲೇ ವಾಸಿಸುವ ಹಕ್ಕನ್ನು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಕೊಟ್ಟಿತು. ಆದರೂ ಉಪನೋಂದಣಿ ಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಮದುವೆಯಾಗಿ ಹೋದ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದಿರುತ್ತಾರೆ. ಅಣ್ಣ ಸೀರೆ, ಅರಿಶಿನ–ಕುಂಕುಮ ಕೊಡುತ್ತಾನೆ, ಹೋಟೆಲಿನಲ್ಲಿ ಊಟ ಹಾಕಿಸುತ್ತಾನೆ. ಪಾಲು ಕೇಳಿದವಳಿಗೆ ತವರು ತಪ್ಪುತ್ತದೆ ಎಂಬ ಹೆದರಿಕೆಗೆ ಅವರು ಸಹಿ ಮಾಡುತ್ತಾರೆ. ಕೆನ್ನೆ ಊದಿದ ದಿನ ನಿಲ್ಲಲು ತಮ್ಮದೇ ಆದ ಒಂದು ಕೋಣೆಯೂ ಇಲ್ಲದಂತೆ ಮಾಡುವ ಆ ಪತ್ರಕ್ಕೆ ಸಾಕ್ಷಿ ಹಾಕುವವರು ಎಷ್ಟೋ ಸಲ ಅವರ ಗಂಡಂದಿರೇ.